ಸಿಗಾರ್ ಬಾಕ್ಸ್ ಗಿಟಾರ್: ಖಾಲಿ ಪೆಟ್ಟಿಗೆ, ಒಂದು ಮರದ ಪಟ್ಟಿ, ಮೂರು ತಂತಿ

ಸಣ್ಣ ಮರದ ಪೆಟ್ಟಿಗೆ ಒಂದು, ಮೂರಡಿ ಉದ್ದದ ಪಟ್ಟಿ ಒಂದು, ಗಿಟಾರ್ ತಂತಿ ಮೂರು, ಟ್ಯೂನರ್ (ತಂತಿ ಬಿಗಿ ಮಾಡೋ ಕಿವಿ) ಮೂರು. ಇಷ್ಟಿದ್ರೆ ಸಾಕು, ನಿಜವಾಗ್ಲೂ ನುಡಿಸೋಕೆ ಬರೋ ಗಿಟಾರ್ ಒಂದನ್ನ ನೀವೇ ಮಾಡ್ಕೋಬಹುದು. ಶೋಕೇಸಲ್ಲಿ ಇಡೋ ಆಟದ ಸಾಮಾನಲ್ಲ ಇದು, ಶ್ರುತಿ ನಿಲ್ಲುತ್ತೆ, ಆಂಪ್ಲಿಫೈಯರಿಗೂ ಹಾಕ್ಬಹುದು, ಬ್ಲೂಸ್ ಅಂತೂ ಇದರಲ್ಲೇ ನುಡಿಸ್ಬೇಕು ಅನ್ನೋಷ್ಟು ಚೆನ್ನಾಗಿರುತ್ತೆ.

ಇದು ಹುಟ್ಟಿದ್ದು ಅಮೆರಿಕದಲ್ಲಿ. 1860ರ ದಶಕದಲ್ಲಿ ತೆರಿಗೆ ಕಾನೂನು ಬಂದ್ಮೇಲೆ ಸಿಗಾರನ್ನ ಸಣ್ಣ ಪೆಟ್ಟಿಗೆಗಳಲ್ಲಿ ತುಂಬಿ ಮಾರೋದು ಎಲ್ಲಾ ಕಡೆ ರೂಢಿ ಆಯ್ತು, ಹಾಗಾಗಿ ಖಾಲಿ ಪೆಟ್ಟಿಗೆಗಳು ಮನೆ ಮನೇಲೂ ಬಿದ್ದಿರ್ತಿದ್ವು. ವಾದ್ಯ ಕೊಳ್ಳೋಕೆ ದುಡ್ಡಿಲ್ಲದವರು ಅದಕ್ಕೇ ಪೊರಕೆ ಕೋಲು ಸಿಗಿಸಿ ತಂತಿ ಕಟ್ಟಿ ಪಿಟೀಲು, ಬ್ಯಾಂಜೋ, ಗಿಟಾರ್ ಮಾಡ್ಕೊಂಡ್ರು. ಲೈಟ್ನಿಂಗ್ ಹಾಪ್ಕಿನ್ಸ್, ಕಾರ್ಲ್ ಪರ್ಕಿನ್ಸ್ ಥರದ ದೊಡ್ಡ ಹೆಸರಿನ ಗಿಟಾರ್ ವಾದಕರೂ ಚಿಕ್ಕಂದಿನಲ್ಲಿ ಹಿಡಿದಿದ್ದು ಇಂಥದ್ದೇ ಪೆಟ್ಟಿಗೆ ಗಿಟಾರು.

ಶುರು ಮಾಡೋಕೆ ಮುಂಚೆ ಒಂದು ವಿಷಯ ತಲೇಲಿ ಕೂತ್ಕೊಳ್ಳಲಿ. ಈ ಗಿಟಾರಿನ ಹಣೆಬರಹ ನಿರ್ಧಾರ ಆಗೋದು ಎರಡೇ ಜಾಗದಲ್ಲಿ: ಪೆಟ್ಟಿಗೆಯ ಮುಚ್ಚಳ ಎಷ್ಟು ಬಿಡುವಾಗಿ ಅದುರುತ್ತೆ ಅನ್ನೋದು, ಆಮೇಲೆ ನಟ್‌ನಿಂದ (ತಲೆಭಾಗದ ಹತ್ರ ತಂತಿ ಹಾದುಹೋಗೋ ಅಡ್ಡ ತುಂಡು) ಬ್ರಿಡ್ಜಿನವರೆಗಿನ (ಮುಚ್ಚಳದ ಮೇಲೆ ತಂತಿ ಹೊರೋ ಕುದುರೆ) ಅಳತೆ ಎಷ್ಟು ಕರಾರುವಾಕ್ಕಾಗಿದೆ ಅನ್ನೋದು. ಇವೆರಡು ಸರಿ ಇದ್ರೆ ಬಾಕಿ ಕೆಲಸ ಸ್ವಲ್ಪ ಸೊಟ್ಟಗಿದ್ರೂ ನಡೆಯುತ್ತೆ. ಇವೆರಡು ತಪ್ಪಿದ್ರೆ ಪಾಲಿಶ್ ಎಷ್ಟೇ ಹೊಳೆದ್ರೂ ವಾದ್ಯ ಆಗಲ್ಲ.

ಪೆಟ್ಟಿಗೆ ಮತ್ತು ಪಟ್ಟಿ

ಪೆಟ್ಟಿಗೆ ಸುಮಾರು 230 ಮಿ.ಮೀ. ಉದ್ದ, 170 ಅಗಲ, 40ರಿಂದ 60 ಆಳ ಇದ್ರೆ ಚೆನ್ನ. ಸ್ವಲ್ಪ ಹೆಚ್ಚು ಕಮ್ಮಿ ಆದ್ರೂ ಪರವಾಗಿಲ್ಲ, ತೀರಾ ಚಿಕ್ಕದಾದ್ರೆ ದನಿ ಕೀರಲು. ಮುಚ್ಚಳ 3-4 ಮಿ.ಮೀ. ದಪ್ಪ ಇರಲಿ, ಬೆರಳಿನ ಗೆಣ್ಣಿಂದ ತಟ್ಟಿ ನೋಡಿ, ಡೋಲಿನ ಥರ ಟೊಣ್ ಅಂದ್ರೆ ತಗೊಳ್ಳಿ, ಗೋಡೆ ತಟ್ಟಿದ ಹಾಗೆ ಮಂಕಾಗಿದ್ರೆ ಬೇರೆ ನೋಡಿ. ಅಪ್ಪಟ ಮರ, ಪ್ಲೈವುಡ್, ಮೇಲೆ ಕಾಗದ ಅಂಟಿಸಿದ್ದು ಯಾವುದಾದ್ರೂ ಆಗುತ್ತೆ, ಬರೀ ರಟ್ಟಿನದ್ದು ಬೇಡ, ತಂತಿ ಒತ್ತಡಕ್ಕೆ ಕುಸಿಯುತ್ತೆ. ಸಿಗಾರ್ ಪೆಟ್ಟಿಗೆನೇ ಆಗ್ಬೇಕು ಅಂತೇನಿಲ್ಲ, ಗಿಫ್ಟ್ ಬಂದ ಮರದ ಡಬ್ಬ, ಆಭರಣದ ಪೆಟ್ಟಿಗೆ, ಏನಾದ್ರೂ ಸರಿ.

ಪಟ್ಟಿ ಅಂದ್ರೆ ಗಿಟಾರಿನ ಕತ್ತು. 38 ಮಿ.ಮೀ. ಅಗಲ, 19 ಮಿ.ಮೀ. ದಪ್ಪ, 900 ಮಿ.ಮೀ.ಗೆ ಕಮ್ಮಿ ಇಲ್ಲದ ಉದ್ದ. ಗಟ್ಟಿ ಮರ ಬೇಕು, ಮೇಪಲ್, ಓಕ್, ತೇಗ ಹೀಗೆ. ಮರ ಯಾವ ಜಾತಿ ಅನ್ನೋದಕ್ಕಿಂತ ಅದು ನೆಟ್ಟಗಿದೆಯಾ ಅನ್ನೋದು ಮುಖ್ಯ, ಹಾಗಾಗಿ ಒಂದು ತುದಿಗೆ ಕಣ್ಣಿಟ್ಟು ಬಂದೂಕಿನ ಗುರಿ ನೋಡೋ ಹಾಗೆ ಉದ್ದಕ್ಕೂ ನೋಡಿ, ಬಿಲ್ಲಿನ ಹಾಗೆ ಬಾಗಿದ್ರೆ ಅಥವಾ ತಿರುಚಿದ್ರೆ ಬಿಟ್ಟುಬಿಡಿ. ಗಂಟು ಇರಬಾರದು, ಮರದ ಎಳೆ ಉದ್ದಕ್ಕೆ ಓಡಿರಬೇಕು. ಕತ್ತಿನ ಒಳಗೆ ಕಬ್ಬಿಣದ ಸರಳು ಬೇಡ್ವಾ ಅಂತ ಕೇಳೋರಿದ್ದಾರೆ. ಆರು ತಂತಿ ಅಕೂಸ್ಟಿಕ್ ಗಿಟಾರಲ್ಲಿ ಒಟ್ಟು ಎಳೆತ 70 ಕೆಜಿ ಆಸುಪಾಸು ಇರುತ್ತೆ, ನಮ್ಮ ಮೂರು ತಂತಿದು 30-35 ಕೆಜಿ ಅಷ್ಟೇ, ಒಳ್ಳೆ ಮರ ಅದನ್ನ ತಡ್ಕೊಳ್ಳುತ್ತೆ.

ಸಾಮಾನಿನ ಲೆಕ್ಕದಲ್ಲಿ ಇನ್ನು ಬೇಕಾಗಿರೋದು: ಗರಗಸ, ಉಳಿ, ಅರ, ಡ್ರಿಲ್, ಒಂದೆರಡು ಕ್ಲಾಂಪ್, ಮರದ ಗಮ್, ಸ್ಯಾಂಡ್ ಪೇಪರು 80, 120, 220 ನಂಬರಿಂದು, ಚೂಪು ಪೆನ್ಸಿಲ್, ಒಳ್ಳೆ ಸ್ಟೀಲ್ ಸ್ಕೇಲು, ಮೂಲೆಮಟ್ಟ. ನಟ್‌ಗೆ ಒಂದು ಎಂ6 (6 ಮಿ.ಮೀ. ದಪ್ಪದ) ಬೋಲ್ಟ್, ಬ್ರಿಡ್ಜಿಗೆ ಗಟ್ಟಿ ಮರದ ಸಣ್ಣ ತುಂಡು. ಮರ ಉಜ್ಜೋವಾಗ ಮಾಸ್ಕ್ ಹಾಕ್ಕೊಳ್ಳಿ, ಆ ಸಣ್ಣ ಪುಡಿ ಶ್ವಾಸಕೋಶಕ್ಕೆ ಒಳ್ಳೇದಲ್ಲ.

ಗುರುತು ಹಾಕೋದು

ಗರಗಸ ಮುಟ್ಟೋ ಮೊದಲು ಪೂರ್ತಿ ಗಿಟಾರನ್ನ ಪಟ್ಟಿ ಮೇಲೆ ಪೆನ್ಸಿಲಲ್ಲೇ ಬರೀರಿ. ಈ ಕೆಲಸಕ್ಕೆ ಎಷ್ಟು ಟೈಮ್ ಕೊಟ್ರೂ ಕಮ್ಮಿನೇ.

ನಾನು ಹೇಳೋ ಸ್ಕೇಲ್ ಉದ್ದ 635 ಮಿ.ಮೀ., ಅಂದ್ರೆ 25 ಇಂಚು. ತಂತಿಯಲ್ಲಿ ಅದುರೋ ಭಾಗ ಇಷ್ಟು, ನಟ್‌ನಿಂದ ಬ್ರಿಡ್ಜಿನವರೆಗೆ. ಮಾಮೂಲಿ ಗಿಟಾರ್ ತಂತಿಗಳು ಈ ಉದ್ದಕ್ಕೆ ಸರಿಹೊಂದುತ್ತೆ. ಪಟ್ಟಿಯ ಒಂದು ತುದಿಯಿಂದ 150 ಮಿ.ಮೀ. ಬಿಟ್ಟು ನಟ್ ಗೆರೆ ಹಾಕಿ, ಆ 150 ತಲೆಭಾಗ, ಟ್ಯೂನರ್ ಕೂರೋ ಜಾಗ. ನಟ್ ಗೆರೆಯಿಂದ 635ಕ್ಕೆ ಬ್ರಿಡ್ಜ್ ಗೆರೆ. ಈಗ ಪೆಟ್ಟಿಗೇನ ಪಟ್ಟಿ ಮೇಲೆ ಮಲಗಿಸಿ ಅದರ ಬಾಲದ ಕಡೆ ಅಂಚಿನಿಂದ ಮೂರನೇ ಒಂದು ಭಾಗಕ್ಕೆ ಬ್ರಿಡ್ಜ್ ಗೆರೆ ಬರೋ ಹಾಗೆ ಸರಿಸಿ, 230ರ ಪೆಟ್ಟಿಗೆ ಆದ್ರೆ ಅಂಚಿಂದ ಸುಮಾರು 75 ಮಿ.ಮೀ. ಒಳಗೆ. ಬ್ರಿಡ್ಜನ್ನ ಪೆಟ್ಟಿಗೆಯ ಗೋಡೆ ಹತ್ರ ಇಟ್ರೆ ಅಲ್ಲಿ ಮುಚ್ಚಳ ಅದುರೋದೇ ಇಲ್ಲ, ದನಿ ಸತ್ತುಹೋಗುತ್ತೆ, ಅದಕ್ಕೇ ಇಷ್ಟು ಒಳಗೆ. ಪೆಟ್ಟಿಗೆಯ ಎರಡೂ ಅಂಚಿನ ಗುರುತು ಪಟ್ಟಿ ಮೇಲೆ ಹಾಕ್ಕೊಂಡು ಬಾಲದ ಕಡೆ ಇನ್ನೊಂದು 30 ಮಿ.ಮೀ. ಹೊರಗೆ ಚಾಚಿರೋ ಹಾಗೆ ಬಿಡಿ, ತಂತಿ ಕಟ್ಟೋಕೆ. ಕೂಡಿ ನೋಡಿ, 150, 635, 75, 30, ಒಟ್ಟು 890. ಅದಕ್ಕೇ 900 ಹೇಳಿದ್ದು.

ಕೊರೆಯೋದು, ಇಲ್ಲೇ ದನಿ ಇರೋದು

ಕತ್ತು ಪೆಟ್ಟಿಗೆಯ ಒಳಗಿಂದ ತೂರಿ ಆ ಕಡೆ ಹೊರಬರುತ್ತೆ, ಮುಚ್ಚಳ ಅದರ ಮೇಲೆ ಕೂರುತ್ತೆ. ಮುಚ್ಚಳ 4 ಮಿ.ಮೀ. ದಪ್ಪ ಇದೆ ಅಂದ್ಕೊಳ್ಳಿ. ಪೆಟ್ಟಿಗೆಯ ಎರಡು ಅಂಚಿನ ಗುರುತಿನ ಮಧ್ಯದ ಭಾಗವನ್ನ ಪಟ್ಟಿಯ ಮೇಲ್ಮೈಯಿಂದ 4 ಮಿ.ಮೀ. ಆಳಕ್ಕೆ ತೆಗೀಬೇಕು, ಆಗ ಮುಚ್ಚಳ ಮುಚ್ಚಿದ್ರೆ ಅದರ ಮೇಲ್ಭಾಗವೂ ಕತ್ತಿನ ಮೇಲ್ಭಾಗವೂ ಒಂದೇ ಮಟ್ಟಕ್ಕೆ ಬರುತ್ತೆ. ಗರಗಸದಲ್ಲಿ ಒಂದೊಂದು ಸೆಂಟಿಮೀಟರಿಗೆ ಅಡ್ಡಡ್ಡ ಗೀರು ಹಾಕ್ತಾ ಹೋಗಿ, ಆಳ ಮೀರದ ಹಾಗೆ ಬ್ಲೇಡಿಗೆ ಟೇಪ್ ಅಂಟಿಸಿ ಗುರುತು ಮಾಡ್ಕೊಳ್ಳಿ, ಆಮೇಲೆ ಉಳಿ ಕೊಟ್ಟು ಚಕ್ಕೆ ಎಬ್ಬಿಸಿದ್ರೆ ಸಲೀಸಾಗಿ ಬರುತ್ತೆ, ಕೊನೆಗೆ ಅರದಲ್ಲಿ ಸಮ ಮಾಡಿ.

ಈಗ ಬಹಳ ಜನ ಬಿಟ್ಟುಬಿಡೋ ಹೆಜ್ಜೆ. ಹೀಗೇ ಮುಚ್ಚಿದ್ರೆ ಮುಚ್ಚಳದ ನಡುಭಾಗ ಉದ್ದಕ್ಕೂ ಕತ್ತಿನ ಮರಕ್ಕೆ ಅಂಟ್ಕೊಂಡಿರುತ್ತೆ, ಬ್ರಿಡ್ಜ್ ಕೂರೋದೂ ಅಲ್ಲೇ, ಅಂದ್ರೆ ತಂತಿ ಅದುರಿಸಬೇಕಾದ ಜಾಗಾನೇ ಕಟ್ಟಿಹಾಕಿದ ಹಾಗಾಯ್ತು. ಅದಕ್ಕೆ ಎರಡೂ ತುದಿಯಲ್ಲಿ 20 ಮಿ.ಮೀ. ಬಿಟ್ಟು ಮಧ್ಯದ ಭಾಗವನ್ನ ಇನ್ನೂ 3 ಮಿ.ಮೀ. ಕೆಳಗೆ ಕೊರೀರಿ. ಆಗ ಕತ್ತಿಗೂ ಮುಚ್ಚಳಕ್ಕೂ ನಡುವೆ ಗಾಳಿ ಆಡುತ್ತೆ, ಮುಚ್ಚಳ ಸ್ವತಂತ್ರವಾಗಿ ಅದುರುತ್ತೆ. ಅಲ್ಲಿ ಉಳಿಯೋ ಮರ 12 ಮಿ.ಮೀ., ಮೂರು ತಂತಿಗೆ ಸಾಕು. ಇದೊಂದು ಕೆಲಸದಿಂದ ದನಿ ಎಷ್ಟು ಬದಲಾಗುತ್ತೆ ಅಂದ್ರೆ ಒಂದೇ ಥರದ ಎರಡು ಪೆಟ್ಟಿಗೆ ತಗೊಂಡು ಒಂದಕ್ಕೆ ಮಾಡಿ ಇನ್ನೊಂದಕ್ಕೆ ಮಾಡದೆ ಬಿಟ್ರೆ ಕಣ್ಣು ಮುಚ್ಕೊಂಡು ಕೇಳಿದವರಿಗೂ ವ್ಯತ್ಯಾಸ ಗೊತ್ತಾಗುತ್ತೆ.

ಪೆಟ್ಟಿಗೆಯ ಎರಡು ಚಿಕ್ಕ ಗೋಡೆಗಳಲ್ಲಿ ಸರಿಯಾಗಿ ಮಧ್ಯಕ್ಕೆ 38 ಅಗಲ, 15 ಆಳದ ಗಾಡಿ (ತೋಡು) ಹೊಡೀರಿ, ಪಟ್ಟಿ ದಪ್ಪ 19ರಲ್ಲಿ ಮುಚ್ಚಳದ 4 ಕಳೆದ್ರೆ 15. ನಿಮ್ಮ ಮುಚ್ಚಳದ ದಪ್ಪ ಬೇರೆ ಇದ್ರೆ ಲೆಕ್ಕ ಅದಕ್ಕೆ ತಕ್ಕ ಹಾಗೆ ಬದಲಾಯಿಸ್ಕೊಳ್ಳಿ. ಗುರುತಿಗಿಂತ ಒಂದು ಕೂದಲೆಳೆ ಕಮ್ಮಿ ಕತ್ತರಿಸಿ ಅರದಲ್ಲಿ ಉಜ್ಜುತ್ತಾ ಬಿಗಿಯಾಗಿ ಕೂರೋ ಹಾಗೆ ಮಾಡಿ. ತೆಳು ಮರ ಸೀಳೋ ಸಾಧ್ಯತೆ ಇರೋದ್ರಿಂದ ಹಿಂದೆ ಒಂದು ಮರದ ತುಂಡು ಒತ್ತಿ ಹಿಡ್ಕೊಂಡು ಕೊಯ್ಯಿರಿ.

ತಲೆಭಾಗಕ್ಕೆ ಬಂದ್ರೆ, ನಟ್ ಗೆರೆ ದಾಟಿದ ಮೇಲೆ ಮುಂದಿನ ಮೈಯಿಂದ 6 ಮಿ.ಮೀ. ತೆಗೆದು 13 ಉಳಿಸಿ. ಟ್ಯೂನರ್ ಕೂರೋಕೂ ಸರಿಯಾಗುತ್ತೆ, ತಂತಿ ನಟ್ ದಾಟಿ ಕೆಳಕ್ಕೆ ಇಳಿಯೋದ್ರಿಂದ ನಟ್ ಮೇಲೆ ಒತ್ತಿ ಕೂರುತ್ತೆ, ಇಲ್ಲಾಂದ್ರೆ ತಂತಿ ಅಲ್ಲಿ ಜರುಗಿ ಝೇಂ ಅಂತ ಶಬ್ದ ಮಾಡುತ್ತೆ. ಟ್ಯೂನರ್ ತೂತು ಎಷ್ಟು ದೊಡ್ಡದು ಅಂತ ಊಹೆ ಮೇಲೆ ಕೊರೀಬೇಡಿ, ನಿಮ್ಮ ಕೈಲಿರೋ ಟ್ಯೂನರನ್ನೇ ಅಳೀರಿ. ಒಂದು ಕಡೆ ಎರಡು, ಇನ್ನೊಂದು ಕಡೆ ಒಂದು. ಬಾಲದ ತುದಿಯಿಂದ 15 ಮಿ.ಮೀ. ಒಳಗೆ 3 ಮಿ.ಮೀ.ನ ಮೂರು ತೂತು, ತಂತಿಯ ಗುಂಡು ಕೆಳಗಿಂದ ಇಲ್ಲಿ ಸಿಕ್ಕಿಕೊಳ್ಳುತ್ತೆ. ಮರ ಮೆದು ಇದ್ರೆ ಗುಂಡು ಒಳಗೆ ಕೊರ್ಕೊಂಡು ಹೋಗುತ್ತೆ, ಸಣ್ಣ ವಾಶರ್ ಹಾಕಿ.

ಕತ್ತಿನ ಹಿಂಬದಿ ಅಂಚುಗಳನ್ನ ದುಂಡಗೆ ಉಜ್ಜಿ, ಕೈ ಹಿಡಿತಕ್ಕೆ ಹಿತ ಆಗೋವರೆಗೂ. ಮೇಲಿನ ಮೈ ಮಾತ್ರ ಚಪ್ಪಟೆಯಾಗೇ ಇರಲಿ.

ದನಿ ತೂತು ಗಿಟಾರಲ್ಲಿರೋ ಹಾಗೆ ನಟ್ಟನಡುವೆ ಹಾಕಿದ್ರೆ ಕೆಳಗೆ ಕತ್ತಿನ ಮರ ಅಡ್ಡ ಬರುತ್ತೆ. ಅದಕ್ಕೆ ಕತ್ತಿನ ಆ ಕಡೆ ಈ ಕಡೆ, ಬ್ರಿಡ್ಜಿಂದ ದೂರ, ಮುಚ್ಚಳದ ಮೇಲಿನ ಅರ್ಧದಲ್ಲಿ 20-25 ಮಿ.ಮೀ.ನ ಎರಡು ತೂತು ಹಾಕಿ. ಮುಚ್ಚಳದ ಮೇಲೆ ಚಂದದ ಚಿತ್ರ, ಅಕ್ಷರ ಇದ್ರೆ ಅದನ್ನ ಉಳಿಸೋ ಹಾಗೆ ಜಾಗ ಆರಿಸಿ, ಈ ವಾದ್ಯದ ಅಂದ ಇರೋದೇ ಆ ಹಳೇ ಮುದ್ರಣದಲ್ಲಿ.

ಎಲ್ಲಾ ಉಜ್ಜಿದ ಮೇಲೆ ಕತ್ತಿಗೆ ಅಗಸೆ ಎಣ್ಣೆ ಬಟ್ಟೆಯಲ್ಲಿ ಹಚ್ಚಿ ಒಣಗಿಸಿ, ಗಮ್ ಹಾಕೋ ಜಾಗ ಬಿಟ್ಟು. ಒಂದು ಎಚ್ಚರಿಕೆ, ಎಣ್ಣೆ ಹೀರಿದ ಬಟ್ಟೇನ ಮುದ್ದೆ ಮಾಡಿ ಬಿಸಾಡಬೇಡಿ, ಅಗಸೆ ಎಣ್ಣೆ ಒಣಗ್ತಾ ಬಿಸಿ ಆಗುತ್ತೆ, ಮುದ್ದೆ ಬಟ್ಟೆ ತಾನಾಗೇ ಬೆಂಕಿ ಹತ್ತಿಕೊಳ್ಳಬಹುದು. ಹರಡಿ ಒಣಗಿಸಿ ಇಲ್ಲಾ ನೀರಲ್ಲಿ ನೆನೆಸಿ.

ಆಂಪ್ಲಿಫೈಯರಿಗೆ ಹಾಕಬೇಕು ಅಂದ್ರೆ

ಬೇಡ ಅನ್ನೋರು ಇದನ್ನ ಬಿಟ್ಟು ಮುಂದೆ ಹೋಗಬಹುದು. ಬೇಕು ಅನ್ನೋರು 27 ಮಿ.ಮೀ.ನ ಪೀಜೋ ಡಿಸ್ಕ್ (ಅದುರೋದನ್ನ ವಿದ್ಯುತ್ ಸಂಕೇತ ಮಾಡೋ ಬಿಲ್ಲೆ) ಒಂದು, 6.35 ಮಿ.ಮೀ. ಮೋನೋ ಜ್ಯಾಕ್ ಒಂದು ತಗೊಳ್ಳಿ. ಡಿಸ್ಕಿನ ಮಧ್ಯದ ಬಿಳಿ ಭಾಗದಿಂದ ಬರೋ ವೈರು ಜ್ಯಾಕಿನ ತುದಿ ಮುಟ್ಟೋ ಕಾಲಿಗೆ, ಹಿತ್ತಾಳೆ ಭಾಗದ ವೈರು ಇನ್ನೊಂದಕ್ಕೆ. ಬ್ಯಾಟರಿ ಬೇಡ. ಸೋಲ್ಡರ್ ಬೇಗ ಮುಗಿಸಿ, ಜಾಸ್ತಿ ಬಿಸಿ ಆದ್ರೆ ಡಿಸ್ಕ್ ಕೆಡುತ್ತೆ, ವೈರ್ ಮೊದಲೇ ಹಾಕಿರೋ ಡಿಸ್ಕ್ ಸಿಕ್ಕಿದ್ರೆ ಇನ್ನೂ ಒಳ್ಳೇದು. ಮುಚ್ಚಳದ ಒಳಮೈಗೆ, ಬ್ರಿಡ್ಜಿನ ಹತ್ತಿರ, ಆದ್ರೆ ಕತ್ತಿನ ಮೇಲೆ ಅಲ್ಲ, ಸ್ವಲ್ಪ ಪಕ್ಕಕ್ಕೆ ಗಟ್ಟಿಯಾಗಿ ಅಂಟಿಸಿ. ಪೀಜೋಗೆ ಪೆಟ್ಟಿಗೆ ಮುಟ್ಟಿದ ಶಬ್ದ ಎಲ್ಲಾ ಕೇಳಿಸುತ್ತೆ, ಆಂಪ್ ಜೋರು ಮಾಡಿದ್ರೆ ಕುಂಯ್ ಅಂತ ಫೀಡ್‌ಬ್ಯಾಕ್ ಬರುತ್ತೆ, ಡಿಸ್ಕ್ ಹಿಂದೆ ಸಣ್ಣ ಫೋಮ್ ತುಂಡು ಹಾಕಿದ್ರೆ ತಕ್ಕಮಟ್ಟಿಗೆ ಕಮ್ಮಿ ಆಗುತ್ತೆ. ಜ್ಯಾಕಿನ ತೂತು ಪೆಟ್ಟಿಗೆಯ ಪಕ್ಕದ ಗೋಡೆಗೆ.

ಜೋಡಿಸೋದು

ಕತ್ತನ್ನ ಗೋಡೆಗಳ ಗಾಡಿಯಲ್ಲಿ ಕೂರಿಸಿ, ಅಲ್ಲಿ ಮಾತ್ರ ಗಮ್ ಹಾಕಿ ಕ್ಲಾಂಪ್ ಬಿಗೀರಿ, ಒಂದು ರಾತ್ರಿ ಪೂರ್ತಿ ಬಿಡಿ. ಕತ್ತು ಪೆಟ್ಟಿಗೆಗೆ ನೇರ ಇದೆಯಾ ಅಂತ ಗಮ್ ಒಣಗೋ ಮುಂಚೆನೇ ಮೂಲೆಮಟ್ಟ ಇಟ್ಟು ನೋಡ್ಬೇಕು. ಮುಚ್ಚಳಕ್ಕೆ ಗಮ್ ಬೇಡ ಅನ್ನೋದು ನನ್ನ ಅಭಿಪ್ರಾಯ, ಸಣ್ಣ ಸ್ಕ್ರೂ ಹಾಕಿ, ನಾಳೆ ಒಳಗೆ ವೈರ್ ಬಿಟ್ಟುಹೋದ್ರೆ ತೆಗೀಬಹುದು. ಪೆಟ್ಟಿಗೆಯ ಕೊಂಡಿ, ಕೀಲು, ಒಳಗೆ ಎದ್ದಿರೋ ಕಾಗದ ಇವೆಲ್ಲಾ ಅದುರಿ ಗಿರಿಗಿರಿ ಅನ್ನುತ್ತೆ, ಅಲ್ಲಾಡೋದನ್ನೆಲ್ಲಾ ಈಗಲೇ ಅಂಟಿಸಿ ಇಲ್ಲಾ ಕಿತ್ತುಹಾಕಿ.

ನಟ್ ಗೆರೆ ಮೇಲೆ ಅರದಲ್ಲಿ ಅಡ್ಡಕ್ಕೆ ಸುಮಾರು 2 ಮಿ.ಮೀ. ಗಾಡಿ ಮಾಡಿ, ಎಂ6 ಬೋಲ್ಟನ್ನ 38 ಮಿ.ಮೀ.ಗೆ ಕತ್ತರಿಸಿ ಕೂರಿಸಿ. ಬೋಲ್ಟಿನ ಸುರುಳಿ ಗೀರುಗಳಲ್ಲೇ ತಂತಿ ಸಿಕ್ಕಿ ನಿಲ್ಲುತ್ತೆ. ಅಂಚಿನಿಂದ 5 ಮಿ.ಮೀ. ಬಿಟ್ರೆ ತಂತಿಯಿಂದ ತಂತಿಗೆ 14 ಮಿ.ಮೀ. ಬರುತ್ತೆ. ಬ್ರಿಡ್ಜ್ 60-70 ಮಿ.ಮೀ. ಉದ್ದದ ಗಟ್ಟಿ ಮರದ ತುಂಡು, ಮೇಲ್ಭಾಗ ಚೂಪಾಗಿ ಇಳಿಜಾರು ಮಾಡಿ ತಂತಿಗೆ ಮೂರು ಸಣ್ಣ ಗೀರು ಹಾಕಿ. ಎತ್ತರ 10-12 ಮಿ.ಮೀ. ಅದನ್ನ ಅಂಟಿಸಬೇಡಿ, ಪಿಟೀಲಿನ ಕುದುರೆ ಥರ ಇದೂ ತಂತಿಯ ಒತ್ತಡದಲ್ಲೇ ನಿಲ್ಲಬೇಕು, ಯಾಕೆ ಅಂತ ಕೆಳಗಿದೆ.

ತಂತಿಗೆ ಮಾಮೂಲಿ ಅಕೂಸ್ಟಿಕ್ ಸೆಟ್ ತಗೊಂಡು ಐದನೇ, ನಾಲ್ಕನೇ, ಮೂರನೇ ತಂತಿ ಬಳಸಿ, ಅಂದ್ರೆ ಎ, ಡಿ, ಜಿ. ದಪ್ಪದ್ದು ಮೇಲೆ. ಎ ತಂತೀನ ಒಂದು ಸ್ವರ ಕೆಳಗಿಳಿಸಿ ಜಿ ಮಾಡಿ, ಆಗ ಜಿ-ಡಿ-ಜಿ ಆಯ್ತು, 98, 147, 196 ಹರ್ಟ್ಜ್. ನಮ್ಮ ಸಂಗೀತದ ಲೆಕ್ಕದಲ್ಲಿ ಸ-ಪ-ಸ, ಜಿ ಅನ್ನ ಷಡ್ಜ ಅಂದ್ಕೊಂಡ್ರೆ. ಹೊಸ ತಂತಿ ಜಗ್ಗುತ್ತೆ, ಹಾಗಾಗಿ ಮೊದಲ ದಿನ ಪದೇ ಪದೇ ಶ್ರುತಿ ಮಾಡಬೇಕು, ಟ್ಯೂನರ್ ಮೇಲೆ ಅನುಮಾನ ಪಡಬೇಡಿ.

ಈಗ ಬ್ರಿಡ್ಜ್ ಕೂರಿಸೋದು. ನಟ್‌ನಿಂದ 317.5 ಮಿ.ಮೀ.ಗೆ, ಅಂದ್ರೆ ಸರಿ ಅರ್ಧಕ್ಕೆ, ತಂತಿಯನ್ನ ಹಗುರವಾಗಿ ಮುಟ್ಟಿ ಮೀಟಿದ್ರೆ ಗಂಟೆಯಂಥ ಹಾರ್ಮೋನಿಕ್ ಬರುತ್ತೆ. ಅದು ಆ ಗುರುತಿನ ಮೇಲೇ ಸ್ಪಷ್ಟವಾಗಿ ಬರ್ತಿದೆಯಾ ನೋಡಿ, ಗುರುತಿಂದ ಬ್ರಿಡ್ಜ್ ಕಡೆಗೆ ಸರಿದಿದ್ರೆ ಬ್ರಿಡ್ಜ್ ದೂರ ಆಗಿದೆ, ನಟ್ ಕಡೆಗೆ ತನ್ನಿ, ನಟ್ ಕಡೆಗೆ ಸರಿದಿದ್ರೆ ಬ್ರಿಡ್ಜನ್ನ ಹಿಂದಕ್ಕೆ ತಳ್ಳಿ. ಫ್ರೆಟ್ (ಸ್ವರದ ಜಾಗಕ್ಕೆ ಕತ್ತಿನ ಮೇಲೆ ಅಡ್ಡಕ್ಕೆ ಕೂರಿಸೋ ಲೋಹದ ತಂತಿ) ಇದ್ರೆ ಇನ್ನೊಂದು ಪರೀಕ್ಷೆ: 12ನೇ ಫ್ರೆಟ್ ಒತ್ತಿ ನುಡಿಸಿದ ಸ್ವರ ಹಾರ್ಮೋನಿಕ್‌ಗಿಂತ ಮೇಲಿದ್ರೆ ಬ್ರಿಡ್ಜ್ ಹಿಂದಕ್ಕೆ, ಕೆಳಗಿದ್ರೆ ಮುಂದಕ್ಕೆ. ದಪ್ಪ ತಂತಿಗೆ ಸ್ವಲ್ಪ ಜಾಸ್ತಿ ಉದ್ದ ಬೇಕಾಗೋದ್ರಿಂದ ಬ್ರಿಡ್ಜ್ ಕೊಂಚ ಓರೆಯಾಗಿ ನಿಂತ್ರೆ ಗಾಬರಿ ಬೇಡ, ಅದೇ ಸರಿ. ಜಾಗ ಸಿಕ್ಕಿದ ಮೇಲೆ ಪೆನ್ಸಿಲಲ್ಲಿ ಗುರುತು ಮಾಡಿಡಿ.

ಫ್ರೆಟ್ ಹಾಕ್ಬೇಕಾ?

ಮೊದಲನೇ ಗಿಟಾರಿಗೆ ಬೇಡ ಅಂತೀನಿ. ಫ್ರೆಟ್ ಜಾಗಕ್ಕೆ ಬರೀ ಗೆರೆ ಎಳೆದು ಗಾಜಿನ ಅಥವಾ ಸ್ಟೀಲಿನ ಕೊಳವೆ ಬೆರಳಿಗೆ ಹಾಕ್ಕೊಂಡು ಸ್ಲೈಡ್ ನುಡಿಸಿ. ತಂತಿ ಕತ್ತಿಂದ 6-7 ಮಿ.ಮೀ. ಮೇಲಿದ್ರೂ ತೊಂದರೆ ಇಲ್ಲ, ಈ ಅಳತೆಗಳಿಗೆ ಹಾಗೇ ಬರುತ್ತೆ, ಗಮಕ ಎಳೆಯೋಕೂ ಸಲೀಸು. ಗೆರೆ ಎಳೆಯೋ ಲೆಕ್ಕ ಇಷ್ಟೇ: ಸ್ಕೇಲ್ ಉದ್ದವನ್ನ 17.817ರಿಂದ ಭಾಗಿಸಿದ್ರೆ ಮೊದಲ ಫ್ರೆಟ್ ದೂರ, ಉಳಿದ ಉದ್ದವನ್ನ ಮತ್ತೆ ಅದರಿಂದಲೇ ಭಾಗಿಸಿದ್ರೆ ಮುಂದಿನದ್ದು. 635ಕ್ಕೆ ನಾನೇ ಲೆಕ್ಕ ಮಾಡಿ ಕೊಡ್ತೀನಿ, ಎಲ್ಲಾ ನಟ್‌ನಿಂದ ಮಿ.ಮೀ.ನಲ್ಲಿ, ಒಂದರಿಂದ ಹನ್ನೆರಡರವರೆಗೆ:

35.6, 69.3, 101.0, 131.0, 159.3, 186.0, 211.2, 235.0, 257.4, 278.6, 298.6, 317.5

ಸ್ಕೇಲನ್ನ ಒಂದೇ ಸಲ ನಟ್ ಹತ್ರ ಇಟ್ಟು ಎಲ್ಲಾ ಗುರುತೂ ಹಾಕಿ. ಒಂದು ಫ್ರೆಟ್‌ನಿಂದ ಇನ್ನೊಂದಕ್ಕೆ ಅಳೀತಾ ಹೋದ್ರೆ ಪ್ರತಿ ಸಲದ ಸಣ್ಣ ತಪ್ಪು ಕೂಡ್ಕೊಂಡು ಹನ್ನೆರಡಕ್ಕೆ ಬರೋ ಹೊತ್ತಿಗೆ ಅಪಶ್ರುತಿ.

ಫ್ರೆಟ್ ಹಾಕೇ ಹಾಕ್ತೀನಿ ಅನ್ನೋರು ಕತ್ತು ಪೆಟ್ಟಿಗೆಗೆ ಅಂಟೋ ಮುಂಚೆನೇ ಆ ಕೆಲಸ ಮುಗಿಸ್ಕೊಳ್ಳಿ. ಫ್ರೆಟ್ ತಂತಿಯ ಕಾಲು ಬಿಗಿಯಾಗಿ ಕೂರೋ ತೆಳು ಬ್ಲೇಡಿನ ಗರಗಸ ಬೇಕು, ಸಾಮಾನ್ಯವಾಗಿ 0.6 ಮಿ.ಮೀ. ಆಸುಪಾಸು. ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ಎರಡು ತುದಿ ಮೊದಲು, ಆಮೇಲೆ ಮಧ್ಯ ಬಡಿದು ಕೂರಿಸಿ, ಚಾಚಿದ ತುದಿ ಕತ್ತರಿಸಿ ಅರದಲ್ಲಿ ಉಜ್ಜಿ, ಇಲ್ಲಾಂದ್ರೆ ಕೈ ಕೊಯ್ಯುತ್ತೆ. ಆಗ ನಟ್, ಬ್ರಿಡ್ಜ್ ಎರಡೂ ತಗ್ಗಿಸಬೇಕು, 12ನೇ ಫ್ರೆಟ್ ಮೇಲೆ ತಂತಿ 2-3 ಮಿ.ಮೀ. ಅಂತರದಲ್ಲಿರಬೇಕು.

ನುಡಿಸೋವಾಗ ಸ್ಲೈಡನ್ನ ಗೆರೆಯ ಹಿಂದೆ ಅಲ್ಲ, ಸರಿಯಾಗಿ ಗೆರೆ ಮೇಲೆ ಹಗುರವಾಗಿ ಇಡಿ, ತಂತಿ ಕತ್ತಿಗೆ ತಾಗಬಾರದು. ಸ್ಲೈಡಿನ ಹಿಂದೆ ಇನ್ನೊಂದು ಬೆರಳು ತಂತಿ ಮೇಲೆ ಮಲಗಿರಲಿ, ಬೇಡದ ಶಬ್ದ ನಿಲ್ಲುತ್ತೆ. ಮೂರೂ ತಂತಿ ಒಟ್ಟಿಗೆ ಬಿಟ್ಟು ಮೀಟಿದ್ರೆ ಜಿ, ಐದನೇ ಗೆರೆಯಲ್ಲಿ ಸಿ, ಏಳರಲ್ಲಿ ಡಿ, ಇಷ್ಟರಲ್ಲೇ ಎಷ್ಟೋ ಹಾಡಿಗೆ ಸಾಥ್ ಕೊಡಬಹುದು. ಶ್ರುತಿಯಲ್ಲಿ ಗಾಂಧಾರ ಇಲ್ಲದಿರೋದ್ರಿಂದ ಮೇಜರ್ ಹಾಡಿಗೂ ಹೊಂದುತ್ತೆ, ಮೈನರ್ ಹಾಡಿಗೂ ಹೊಂದುತ್ತೆ. ರಾಗ ಹುಡುಕೋಕೆ ಕೆಳಗಿನ ಸಣ್ಣ ತಂತಿ ಒಂದರ ಮೇಲೆ 3, 5, 7, 10, 12 ಈ ಗೆರೆಗಳಲ್ಲಿ ಓಡಾಡಿ, ಮೇಲಿನ ಎರಡು ತಂತಿ ತಂಬೂರಿ ಥರ ಮೊಳಗ್ತಾ ಇರಲಿ.